ರ ಗ ಸ ದ ಅ: ನಲಿಕಲಿಯ ಏಣಿ ಮತ್ತು ನನ್ನ ಹಾಜರಿ ಪುಸ್ತಕ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. 1980ರ ದಶಕದಲ್ಲಿ ದಾವಣಗೆರೆಯಲ್ಲಿ ನನ್ನ ಕೈಯಲ್ಲಿ ಒಂದನೆಯ ತರಗತಿ ಓದಿದವನು. ಈಗ ಅವನ ತಲೆಯೂ ನೆರೆತಿದೆಯಂತೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ನಗುತ್ತ ಕೇಳಿದ: "ಸಾರ್, ನಮಗೆಲ್ಲ ಬೆತ್ತದ ರುಚಿ ತೋರಿಸಿದ್ರಿ. ರಿಟೈರ್ ಆಗೋ ಹೊತ್ತಿಗೆ ಮಕ್ಕಳ ಜೊತೆ ನೆಲದ ಮೇಲೆ ಕೂತು ಆಟ ಆಡಿಸ್ತಿದ್ರಂತೆ. ಇದು ನಮಗೆ ಅನ್ಯಾಯ ಅಲ್ವಾ?" ನಾನೂ ನಕ್ಕು ಮಾತು ತೇಲಿಸಿದೆ. ಆದರೆ ಆ ರಾತ್ರಿ ನಿದ್ರೆ ಬೇಗ ಬರಲಿಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇವೆಗೆ ಸೇರಿದ್ದು 1976ರಲ್ಲಿ, ಹರಿಹರ ತಾಲ್ಲೂಕಿನ ತುಂಗಭದ್ರೆಯ ದಡದ ಒಂದು ಹಳ್ಳಿಯ ಶಾಲೆಯಲ್ಲಿ. ಆಗ ಹರಿಹರ, ದಾವಣಗೆರೆ ಎರಡೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಎರಡು ಕೊಠಡಿ, ಇಬ್ಬರು ಶಿಕ್ಷಕರು, ನಾಲ್ಕು ತರಗತಿ. ಒಂದು ಮತ್ತು ಎರಡನೆಯ ತರಗತಿಗಳು ನನ್ನ ಪಾಲಿಗೆ. ಒಂದು ಸಾಲಿನವರು ಮಗ್ಗಿ ಹೇಳುತ್ತಿದ್ದರೆ ಇನ್ನೊಂದು ಸಾಲಿನವರು ಸ್ಲೇಟಿನಲ್ಲಿ ಅ ಆ ಇ ಈ ತಿದ್ದುತ್ತಿದ್ದರು. 'ಋ' ಬರೆಯುವಷ್ಟರಲ್ಲಿ ಎಷ್ಟೋ ಮಕ್ಕಳ ಕಣ್ಣಲ್ಲಿ ನೀರು. ಬೆತ್ತವು ಸೀಮೆಸುಣ್ಣದಷ್ಟೇ ಸಹಜವಾದ ಬೋಧನೋಪಕರಣ ಎಂದು ನಾವೆಲ್ಲ ನಂಬಿದ್ದೆವು. ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಗಳೇ "ಚರ್ಮ ನಿಮ್ದು, ಮೂಳೆ ನಮ್ದು" ಎಂದು ಹೇಳಿ ಹೋಗುತ್ತಿದ್ದ ಕಾಲವದು.

ಹಾಗೆಂದು ಆಗ ಆಟಪಾಟಗಳು ಇರಲಿಲ್ಲವೆಂದಲ್ಲ. ಸ್ವತಃ ಶಿಕ್ಷಕರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗೆಂದೇ ಹಾಡು ಕಟ್ಟಿ ಕೊಟ್ಟಿದ್ದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿಯವರು ವಕೀಲಿ ಬಿಟ್ಟು 1920ರಲ್ಲೇ ಬಾಲಮಂದಿರ ತೆರೆದಿದ್ದರು. ನಾವೂ ಹಾಡಿಸುತ್ತಿದ್ದೆವು, ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಹೊಳೆಯ ಜೇಡಿ ತಂದು ಎತ್ತು ಮಾಡಿಸುತ್ತಿದ್ದೆವು. ಆದರೆ ಅದು ಶನಿವಾರದ ಕೊನೆಯ ಅವಧಿಗೆ ಮೀಸಲು. ಆಟವೆಂದರೆ ಪಾಠ ಮುಗಿದ ಮೇಲಿನ ಬಿಡುವು; ಆಟವೇ ಪಾಠವಾಗಬಹುದೆಂದು ನಮಗೆ ತೋಚಿರಲಿಲ್ಲ.

1983ರಲ್ಲಿ ನನಗೆ ದಾವಣಗೆರೆಗೆ ವರ್ಗವಾಯಿತು. ಮಂಡಕ್ಕಿ ಭಟ್ಟಿಗಳ ಹೊಗೆ ತರಗತಿಯ ಕಿಟಕಿಯಿಂದ ಒಳಗೆ ಬರುತ್ತಿದ್ದ ಬಡಾವಣೆ ಅದು. ದಾವಣಗೆರೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯನ್ನು ಹೊಗಳದವರಿಲ್ಲ. ಆ ಮಂಡಕ್ಕಿ ಅರಳುವುದು ಬೆಳಗಿನ ಜಾವದಲ್ಲಿ, ಕಾದ ಮರಳಿನಲ್ಲಿ, ಮನೆಮಂದಿಯೆಲ್ಲ ಸೇರಿ ದುಡಿದಾಗ. ನನ್ನ ತರಗತಿಯ ಒಬ್ಬ ಹುಡುಗ ಅಂಥ ಮನೆಯವನು. ವಾರದಲ್ಲಿ ಮೂರು ದಿನ ಬಂದರೆ ಹೆಚ್ಚು. ಬಂದ ದಿನವೂ ತಡ. ತಡವಾದದ್ದಕ್ಕೆ ಏಟು. ಬಾರದ ದಿನಗಳಲ್ಲಿ ತರಗತಿ ಮುಂದೆ ಸಾಗಿರುತ್ತಿತ್ತು: ಅವನು ಬಿಟ್ಟಾಗ 'ಕ' ಇದ್ದದ್ದು ಮರಳಿದಾಗ 'ಟ' ಆಗಿರುತ್ತಿತ್ತು. ಉತ್ತರ ಬಾರದಿದ್ದುದಕ್ಕೆ ಮತ್ತೆ ಏಟು. ಒಂದು ದಿನ ಬರುವುದನ್ನೇ ನಿಲ್ಲಿಸಿದ. ನಾನು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ದೀರ್ಘ ಗೈರು' ಎಂದು ಬರೆದೆ. ಅಂದು ಅದು ನನಗೆ ಕೇವಲ ದಾಖಲೆಯ ಕೆಲಸವಾಗಿತ್ತು.

ಈಗ ಸ್ವಲ್ಪ ಇತಿಹಾಸ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಾಡಂಚಿನ ತಾಲ್ಲೂಕು. ಅಲ್ಲಿಯ ಶಿಕ್ಷಕರಿಗೂ ನಮ್ಮದೇ ಕಷ್ಟ: ಒಬ್ಬನೇ ಶಿಕ್ಷಕ, ಹಲವು ತರಗತಿ, ಇಂದು ಬಂದ ಮಗು ನಾಳೆ ಇಲ್ಲ. 1995ರಲ್ಲಿ ಅವರಲ್ಲಿ ಕೆಲವರು ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ ಹೋಗಿ, ಜೆ. ಕೃಷ್ಣಮೂರ್ತಿಯವರ ಸಂಸ್ಥೆಯು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದರು. ಅಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳು. ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಏರುತ್ತಿತ್ತು. ಮರಳಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಕನ್ನಡದ ಕಾರ್ಡುಗಳನ್ನು ತಾವೇ ಕುಳಿತು ಸಿದ್ಧಪಡಿಸಿದರು. ಅದೇ 'ನಲಿಕಲಿ'. ಮೇಲಿನಿಂದ ಬಂದ ಸುತ್ತೋಲೆಯಿಂದಲ್ಲ, ತರಗತಿಯಲ್ಲಿ ನಿಂತು ಸೋತವರ ಕೈಯಿಂದ ಅದು ಹುಟ್ಟಿತೆಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ. ಬೇರೆ ತಾಲ್ಲೂಕುಗಳಿಗೆ ನಿಧಾನವಾಗಿ ಹರಡಿ, 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ಬಂತು. ಮರುವರ್ಷ ಮೂರನೆಯ ತರಗತಿಗೂ.

ಆ ಹೊತ್ತಿಗೆ ನಾನು ಹರಿಹರದ ಶಾಲೆಯಲ್ಲಿದ್ದೆ. ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿದ್ದವು. ಊರಿನ ಸ್ಥಿತಿವಂತರ ಮಕ್ಕಳು ಇಂಗ್ಲಿಷ್ ಕಾನ್ವೆಂಟುಗಳಿಗೆ ಹೋಗಿ, ನಮ್ಮ ಪಾಲಿಗೆ ಉಳಿದವರು ಕೂಲಿಕಾರರ ಮಕ್ಕಳು. ತರಬೇತಿಗೆ ಕರೆದಾಗ ನನಗೆ ಐವತ್ತಾರು ವರ್ಷ. ಹಾಡಿ ಕುಣಿಯಬೇಕೆಂದಾಗ ಮುಜುಗರದಿಂದ ಮಂಡಿನೋವಿನ ನೆಪ ಹೇಳಿ ಹಿಂದಿನ ಸಾಲಿನಲ್ಲಿ ಕುಳಿತೆ. (ಮಂಡಿನೋವು ನಿಜವಾಗಿಯೂ ಬಂದದ್ದು ಆಮೇಲೆ, ನೆಲದ ಮೇಲೆ ಕುಳಿತೂ ಕುಳಿತೂ!)

ಹೊಸ ತರಗತಿಯಲ್ಲಿ ಬೆಂಚುಗಳಿಲ್ಲ, ನನ್ನ ಮೇಜೂ ಇಲ್ಲ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕಪ್ಪುಹಲಗೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಕಾಗದದ ಹೂಗಳನ್ನು ತೂಗುಬಿಟ್ಟ 'ಚಪ್ಪರ'. ಹಾಜರಿಯನ್ನು ಮಕ್ಕಳೇ ಹಾಕಿಕೊಳ್ಳಬೇಕು; ಹೊರಗೆ ಹೋಗಿ ಆಕಾಶ ನೋಡಿ ಬಂದು ಹವಾಮಾನ ನಕ್ಷೆಯಲ್ಲಿ ಗುರುತಿಸಬೇಕು. ಅನಂತರ ಐದು ಗುಂಪು: ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಭಾಗಶಃ ಬೇಕಾದವರು, ಸಹಪಾಠಿಗಳಿಂದ ಪೂರ್ಣವಾಗಿ ಕಲಿಯುವವರು, ಭಾಗಶಃ ಕಲಿಯುವವರು, ಸ್ವಂತವಾಗಿ ಕಲಿಯುವವರು. ಗೋಡೆಯಲ್ಲಿ ಕಲಿಕಾ ಏಣಿ. ಅದನ್ನು ನೋಡಿ ತನ್ನ ಕಾರ್ಡನ್ನು ಮಗುವೇ ಹುಡುಕಿ ತರುತ್ತಿತ್ತು.

ನನ್ನನ್ನು ಬೆಚ್ಚಿಬೀಳಿಸಿದ್ದು ಅಕ್ಷರಗಳ ಕ್ರಮ. ಅ ಆ ಇ ಈ ಅಲ್ಲ. ರ, ಗ, ಸ, ದ, ಅ! ಒಂದು ಮಗುವಿನ ಅಜ್ಜಿ ಬಾಗಿಲಲ್ಲೇ ನಿಂತು ನನ್ನನ್ನು ತರಾಟೆಗೆ ತೆಗೆದುಕೊಂಡರು: "ಮೇಷ್ಟ್ರೇ, ನಮ್ ಹುಡುಗಿಗೆ ಅ ಆ ಇ ಈನೇ ಹೇಳಿಕೊಟ್ಟಿಲ್ವಂತೆ. ರ ಗ ಸ ಅಂತಾಳೆ. ಇದ್ಯಾವ ಸೀಮೆ ಓದು?" ನನ್ನಲ್ಲೂ ಅದೇ ಪ್ರಶ್ನೆಯಿತ್ತು. ಮೊಮ್ಮಗಳನ್ನೇ ಕರೆದೆ. ಅವಳು ಅಜ್ಜಿಯ ಮುಂದೆಯೇ ಕಪ್ಪುಹಲಗೆಯ ಮೇಲೆ 'ಸರ', 'ಅಗಸ', 'ಅರಸ', 'ಗರಗಸ' ಎಂದು ಬರೆದು ಓದಿದಳು. ಬರೆಯಲು ಸುಲಭವಾದ ಐದು ಅಕ್ಷರಗಳಿಂದ ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗು ಅರ್ಥವುಳ್ಳ ಪದ ಓದುತ್ತದೆ. ನನ್ನ ಹಳೆಯ ಪದ್ಧತಿಯಲ್ಲಿ ವರ್ಣಮಾಲೆಯಿಡೀ ಮುಗಿಯುವವರೆಗೆ ಓದುವ ಸುಖವೇ ಸಿಗುತ್ತಿರಲಿಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು ಹೋದರು.

ಆಮೇಲೆ ನನಗೂ ಹುರುಪು ಬಂತು. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆದು ಒಳಗೆ ಅಕ್ಷರ ತುಂಬಿದೆ. ಹಾರಿದ ಮನೆಯ ಅಕ್ಷರ ಕೂಗಬೇಕು. ಹುಣಸೆ ಬೀಜದಲ್ಲಿ ಎಣಿಕೆ; ಕಸಬರಿಗೆ ಕಡ್ಡಿಗಳನ್ನು ಹತ್ತರಂತೆ ಕಟ್ಟು ಕಟ್ಟಿ ದಶಕ, ಬಿಡಿಗಳು. ಒಮ್ಮೆ ಮಂಡಕ್ಕಿಯನ್ನೂ ಎಣಿಸಲು ಕೊಟ್ಟೆ. ಲೆಕ್ಕ ಯಾರದೂ ತಾಳೆಯಾಗಲಿಲ್ಲ, ಕಾರಣ ನೀವೇ ಊಹಿಸಿ.

ಆದರೂ ನನ್ನ ಮನಸ್ಸು ಗೆದ್ದದ್ದು ಆಟಗಳಲ್ಲ. ಒಂದು ವರ್ಷ ಒಬ್ಬ ಹುಡುಗಿ ಡಿಸೆಂಬರಿನಲ್ಲಿ ತಂದೆತಾಯಿಗಳೊಂದಿಗೆ ಮಲೆನಾಡಿನ ಕಾಫಿ ತೋಟಕ್ಕೆ ಹೋದಳು. ಫೆಬ್ರವರಿಯಲ್ಲಿ ಮರಳಿದಳು. ಬೆಳಿಗ್ಗೆ ಬಂದವಳೇ ಏಣಿಯ ಮುಂದೆ ನಿಂತು, ತಾನು ನಿಲ್ಲಿಸಿದ್ದ ಮೆಟ್ಟಿಲನ್ನು ಬೆರಳಿನಿಂದ ಹುಡುಕಿ, ಅಲ್ಲಿಯ ಕಾರ್ಡು ತಂದು ಗುಂಪಿನಲ್ಲಿ ಕುಳಿತಳು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಏಣಿ ಅವಳಿಗಾಗಿ ಅಲ್ಲೇ ಕಾದಿತ್ತು. ಆ ದಿನ ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ನಿಂತಿದ್ದಾಗ ನನಗೆ ಭಟ್ಟಿಯ ಹುಡುಗ ನೆನಪಾದ.

ನಲಿಕಲಿಯನ್ನು ಪೂಜಿಸುವವನು ನಾನಲ್ಲ. ಕಾರ್ಡುಗಳು ವರ್ಷದಲ್ಲೇ ಹರಿಯುತ್ತಿದ್ದವು. ನಲವತ್ತು ಮಕ್ಕಳಿದ್ದಾಗ ಪೂರ್ಣ ಸಹಾಯದ ಗುಂಪಿನಿಂದ ತಲೆ ಎತ್ತುವುದೇ ಕಷ್ಟ. ಸ್ವಂತ ಕಲಿಯಬೇಕಾದವರು ಚಪ್ಪರದ ದಾರ ಎಳೆಯುತ್ತಿರುತ್ತಿದ್ದರು. ಪ್ರತಿ ಮಗುವಿನ ಪ್ರಗತಿ ಬರೆಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಆದರೆ ಆ ಬರವಣಿಗೆಯಲ್ಲಿ ಪ್ರತಿ ಮಗು ಎಲ್ಲಿ ನಿಂತಿದೆ ಎಂಬುದು ದಾಖಲಾಗುತ್ತಿತ್ತು. ನನ್ನ ಕೆಂಪು ಶಾಯಿಯ ಪುಸ್ತಕದಲ್ಲಿ ಅದಿರಲಿಲ್ಲ. 2013ರ ಮೇ ತಿಂಗಳಲ್ಲಿ ನಿವೃತ್ತನಾದೆ.

ಆದ್ದರಿಂದ ದೂರವಾಣಿ ಮಾಡಿದ ಮಿತ್ರನೇ, ಹೌದು, ಅದು ಅನ್ಯಾಯವೇ. ನೀನು ಹೇಗೋ ದಡ ಸೇರಿದೆ. ನಿನ್ನ ಪಕ್ಕದಲ್ಲಿ ಕೂರುತ್ತಿದ್ದವನು ಸೇರಿದನೋ ಇಲ್ಲವೋ ನನಗೆ ತಿಳಿಯದು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷ ನನ್ನ ತರಗತಿಯಲ್ಲಿದ್ದವರಿಗೆ ಅದು ಗೊತ್ತು. ನಿಮ್ಮಲ್ಲಿ ಯಾರಿಗಾದರೂ ಅವನು ಸಿಕ್ಕರೆ, ಮೇಷ್ಟ್ರು ಕೇಳುತ್ತಿದ್ದರೆಂದು ಹೇಳಿ. ವಿಳಾಸ ಕೊಡಲು ಅವನು ಒಪ್ಪಿದರೆ ನಾನೇ ಹೋಗಿ ಬರುತ್ತೇನೆ.