ಭೀಮಿಲಿಯ ಕೆಂಪು ದಿಬ್ಬಗಳು

ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ನಾನು ವಿಶಾಖಪಟ್ಟಣ ಸೇರಿದ ಮೇಲೆ ಪರಿಚಯವಾದದ್ದು ಭೀಮುನಿಪಟ್ಟಣದ ದಾರಿಯಲ್ಲಿರುವ ‘ಎರ್ರಮಟ್ಟಿ ದಿಬ್ಬಲು’. ನಮ್ಮ ಮಾತಲ್ಲಿ ಹೇಳೋದಾದರೆ ಕೆಮ್ಮಣ್ಣಿನ ದಿಬ್ಬಗಳು. ಅಲ್ಲಿಯವರ ಬಾಯಲ್ಲಿ ಊರು ಭೀಮಿಲಿ.

1886ರಲ್ಲಿ ಇವನ್ನು ಮೊದಲು ದಾಖಲಿಸಿದವರು ಭೂವಿಜ್ಞಾನಿ ವಿಲಿಯಂ ಕಿಂಗ್. ನಮ್ಮ ಬಳ್ಳಾರಿ ಸೀಮೆಯ ಶಿಲಾಯುಗದ ನೆಲೆಗಳನ್ನು ಹುಡುಕಿದ ರಾಬರ್ಟ್ ಬ್ರೂಸ್ ಫೂಟರ ಸಹೋದ್ಯೋಗಿ. 1863ರಲ್ಲಿ ಇಬ್ಬರೂ ಕೂಡಿ ಮದರಾಸಿನ ಹತ್ತಿರದ ಅತ್ತಿರಂಪಾಕ್ಕಂನಲ್ಲಿ ಕಲ್ಲಿನ ಆಯುಧಗಳನ್ನು ಕಂಡಿದ್ದರು. 1871ರಲ್ಲಿ ಕಿಂಗ್ ಯೆಲ್ಲಂದು ಬಳಿ ಕಲ್ಲಿದ್ದಲು ಗುರುತಿಸಿದರು. 1887ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥರಾದರು.

ಕಲ್ಲಿದ್ದಲಿಗೆ ಬೆಲೆ ಕಟ್ಟಬಹುದು. ಈ ದಿಬ್ಬಗಳಿಗೆ? ಸಾವಿರಾರು ವರ್ಷ ಮರಳು ರಾಶಿಬಿದ್ದು, ಅದರೊಳಗಿನ ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪಾಗಿದೆ. ಮಳೆನೀರು ಕೊರೆದ ಕೊರಕಲುಗಳಲ್ಲಿ ಪದರ ಪದರವಾಗಿ ಕಡಲಿನ ಏರಿಳಿತದ ಲೆಕ್ಕ ಸಿಗುತ್ತದೆ. ಅಂದರೆ ಸವಕಳಿಯೇ ಇಲ್ಲಿ ಪುಸ್ತಕ ತೆರೆದು ತೋರಿಸಿದೆ.

2014ರಲ್ಲಿ ಇದು ರಾಷ್ಟ್ರೀಯ ಭೂಪರಂಪರೆಯ ಸ್ಮಾರಕವಾಯಿತು. ನಮ್ಮ ಲಾಲ್‌ಬಾಗಿನ ಬಂಡೆಗೂ ಇದೇ ಗೌರವವಿದೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೂ 2024ರಲ್ಲಿ ಪಕ್ಕದ ದಿಬ್ಬಗಳ ಮಣ್ಣನ್ನು ಯಂತ್ರ ಹಚ್ಚಿ ಸಮತಟ್ಟು ಮಾಡಿದ್ದಕ್ಕೆ ದೊಡ್ಡ ಗಲಾಟೆಯಾಯಿತು. ಮಳೆ ಕೊರೆದರೆ ಹೊಸ ಹಾಳೆ ತೆರೆಯುತ್ತದೆ, ಯಂತ್ರ ಸವರಿದರೆ ಪುಸ್ತಕವೇ ಹೋಗುತ್ತದೆ. ಬ್ಯಾಂಕಿನ ಸಾಲವಾದರೆ ಕಂತಿನಲ್ಲಿ ತೀರೀತು. ಈ ನಷ್ಟ ತುಂಬಿಕೊಡಲು ಯಾರ ಆಯುಸ್ಸೂ ಸಾಲದು.