ಬಳ್ಳಾರಿಯಲ್ಲಿ ತಂಗಿದ ಅಂಚೆ ವಿಮಾನ



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆಯವರಾದ ನಮಗೆ ವಿಮಾನ ನಿಲ್ದಾಣವೆಂದೊಡನೆ ನೆನಪಾಗುವುದು ಹುಬ್ಬಳ್ಳಿ. ಆದರೆ ಭಾರತೀಯ ವಿಮಾನಯಾನದ ಮೊದಲ ಅಧ್ಯಾಯದಲ್ಲಿ ಬರುವ ಕನ್ನಡ ನೆಲದ ಹೆಸರು ಬಳ್ಳಾರಿ. ಅಲ್ಲಿಯ ದಂಡು ಪ್ರದೇಶದ ಹಳೆಯ ವಿಮಾನ ಮೈದಾನದ ಕಥೆಯನ್ನು ಬಲ್ಲವರು ಈಗ ವಿರಳ.

ಪಠ್ಯಪುಸ್ತಕಗಳಲ್ಲಿ ನಾವು ಓದಿದ್ದು ಅರ್ಧ ಕಥೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಟ್ಟ 'ಪಸ್ ಮಾತ್' ವಿಮಾನದಲ್ಲಿ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಮಧ್ಯಾಹ್ನ ಮುಂಬಯಿಯ ಜುಹು ತಲುಪಿದರು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದಿಳಿಸಿದ್ದ ಅಂಚೆ ಅವರೊಡನಿತ್ತು. ಅದರ ತೂಕ ಸುಮಾರು 25 ಕಿಲೋ. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಗಳಲ್ಲಿ! ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ.

ಆದರೆ ಅಂಚೆ ತಲುಪಬೇಕಾಗಿದ್ದುದು ಮದರಾಸಿಗೆ. ಮುಂಬಯಿಯಿಂದ ಮುಂದಿನ ಹಾರಾಟದ ಹೊಣೆ ಹೊತ್ತವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿ ಪಳಗಿದ್ದ ಈ ವೈಮಾನಿಕರೇ ವಾಯು ಅಂಚೆಯ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವರು. ಅವರು ಬಳ್ಳಾರಿಯಲ್ಲಿ ಇಳಿದು, ರಾತ್ರಿ ಅಲ್ಲಿಯೇ ತಂಗಿ, ಮರುದಿನ ಮದರಾಸಿಗೆ ಹಾರಿದರು.

ಬಳ್ಳಾರಿಯೇ ಏಕೆ? ನಕ್ಷೆಯನ್ನು ತೆರೆದು ನೋಡಿ. ಮುಂಬಯಿಯಿಂದ ಮದರಾಸಿಗೆ ಎಳೆದ ಗೆರೆ ಬಳ್ಳಾರಿಯ ಸಮೀಪದಲ್ಲಿಯೇ ಹಾಯುತ್ತದೆ. ಮುಂಬಯಿಯಿಂದ ಅಲ್ಲಿಗೆ ನೇರವಾಗಿ ಸುಮಾರು 600 ಕಿಲೋಮೀಟರು. ಗಂಟೆಗೆ 160 ಕಿಲೋಮೀಟರಿನಷ್ಟು ಓಡುವ ಆ ವಿಮಾನಕ್ಕೆ ನಾಲ್ಕು ತಾಸಿನ ಹಾದಿ. ಆ ಕಾಲದ ವೈಮಾನಿಕನಿಗೆ ದಾರಿ ತೋರಲು ರೇಡಿಯೋ ಇರಲಿಲ್ಲ. ಮಧ್ಯಾಹ್ನ ಮುಂಬಯಿ ಬಿಟ್ಟವನಿಗೆ ಕತ್ತಲಾಗುವ ಮೊದಲು ಇಳಿಯಲೊಂದು ಸಮತಟ್ಟಾದ ನೆಲ ಬೇಕು, ಇಂಧನ ಬೇಕು. ದಂಡಿನ ಊರಾದ ಬಳ್ಳಾರಿ ಇವನ್ನು ಒದಗಿಸಿತು.

ಇತಿಹಾಸದ ವಿದ್ಯಾರ್ಥಿಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಆಗ ನಮ್ಮ ಮೂರೂ ಊರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ಎರಡು ಪ್ರಾಂತಗಳ ರಾಜಧಾನಿಗಳನ್ನು ಜೋಡಿಸಿದ ವಿಮಾನ, ಹರಿದು ಹಂಚಿಹೋಗಿದ್ದ ಕನ್ನಡ ನಾಡಿನಲ್ಲಿ ರಾತ್ರಿ ಕಳೆಯಿತು. ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿದ್ದು 1953ರಲ್ಲಿ, ನಾವು ಸೇರಿದ್ದು 1956ರಲ್ಲಿ.

ಬಳ್ಳಾರಿಯ ಭಾಗ್ಯ ಬಹುಕಾಲ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಅಂಚೆಯ ಹಾದಿ ಹೈದರಾಬಾದಿನತ್ತ ತಿರುಗಿತು. ಮುಂದೆ ವಿಮಾನಗಳು ದೊಡ್ಡವಾದವು. ನಡುದಾರಿಯ ತಂಗುದಾಣ ಬೇಡವಾಯಿತು. ಟಾಟಾ ಏರ್‌ಲೈನ್ಸ್ 1946ರಲ್ಲಿ ಏರ್ ಇಂಡಿಯಾ ಆಯಿತು, 1953ರಲ್ಲಿ ರಾಷ್ಟ್ರೀಕರಣಗೊಂಡಿತು, 2022ರಲ್ಲಿ ಮರಳಿ ಟಾಟಾ ಮನೆತನಕ್ಕೆ ಸೇರಿತು. ಬಳ್ಳಾರಿ ಜಿಲ್ಲೆಯಲ್ಲಿ 2017ರಲ್ಲಿ 'ಉಡಾನ್' ಯೋಜನೆಯ ವಿಮಾನಗಳು ಬಂದಿಳಿದದ್ದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನಿಲ್ದಾಣದಲ್ಲಿ. ಹಳೆಯ ಮೈದಾನದಲ್ಲಿ ಅಲ್ಲ.

ವಿನ್ಸೆಂಟ್ ಅವರ ಗತಿಯೂ ಹೀಗೆಯೇ ಆಯಿತು. 1942ರಲ್ಲಿ, ಯುದ್ಧಕಾಲದ ವಿಮಾನ ಪ್ರಯಾಣವೊಂದರಲ್ಲಿ ಅವರು ಕಣ್ಮರೆಯಾದರು. 1982ರಲ್ಲಿ, ಮೊದಲ ಹಾರಾಟದ ಐವತ್ತನೆಯ ವರ್ಷ, 78ರ ಹರೆಯದ ಜೆ. ಆರ್. ಡಿ. ಮತ್ತೊಮ್ಮೆ ಕರಾಚಿಯಿಂದ ಮುಂಬಯಿಗೆ ಹಾರಿ ಜಗತ್ತನ್ನು ಬೆರಗುಗೊಳಿಸಿದರು. ಅದು ಸಂತಸದ ಸಂಗತಿಯೇ. ಆದರೆ ಆ ಸಂಭ್ರಮದ ಹಾರಾಟವೂ ಮುಂಬಯಿಯಲ್ಲಿಯೇ ನಿಂತಿತು. ಹೊರಟವರನ್ನು ನೆನೆಯುವ ಚರಿತ್ರೆ, ತಲುಪಿಸಿದವರನ್ನೂ ನಡುದಾರಿಯಲ್ಲಿ ಇಳಿಸಿಕೊಂಡವರನ್ನೂ ಮರೆಯುವುದು ನ್ಯಾಯವಲ್ಲ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಈ ಪಾಠ ಬಂದಾಗ ಕರಾಚಿ, ಮುಂಬಯಿಗಳ ಜೊತೆಗೆ ಬಳ್ಳಾರಿಯ ಹೆಸರನ್ನೂ ಹಲಗೆಯ ಮೇಲೆ ಬರೆಯಿರಿ. ಮನೆಯ ಹಳೆಯ ಟ್ರಂಕುಗಳಲ್ಲಿ 1930ರ ದಶಕದ ವಾಯು ಅಂಚೆಯ ಲಕೋಟೆ ಸಿಕ್ಕರೆ ರದ್ದಿಗೆ ಹಾಕಬೇಡಿರಿ. ಮುದ್ರೆಯನ್ನು ಒಮ್ಮೆ ಓದಿ ನೋಡಿರಿ.