ನೂರಿಪ್ಪತ್ತೆಂಟರ ಅಂತರ

ಧರ್ಮಾವರದಲ್ಲಿ ರೇಷ್ಮೆ ಸೀರೆ ನೇಯುವ ಮಗ್ಗವನ್ನು ಕಂಡವರಿಗೆ, ಅದರ ನೆತ್ತಿಯ ಮೇಲೆ ಮಾಲೆಯಂತೆ ಪೋಣಿಸಿ ತೂಗಬಿಟ್ಟ ರಟ್ಟಿನ ಪಟ್ಟಿಗಳ ನೆನಪಿರಬೇಕು. ಪಟ್ಟಿಯ ತುಂಬ ತೂತುಗಳು. ತೂತಿರುವೆಡೆಯಲ್ಲಿ ಸೂಜಿ ಒಳಹೊಗುವುದು, ಅದಕ್ಕೆ ಸಂಬಂಧಿಸಿದ ಹಾಸಿನ ಎಳೆ ಮೇಲೇಳುವುದು. ತೂತಿಲ್ಲದೆಡೆಯಲ್ಲಿ ಎಳೆ ಇದ್ದಲ್ಲಿಯೇ ಇರುವುದು. ಸೆರಗಿನ ಹೂವು, ಅಂಚಿನ ಬಳ್ಳಿ ಎಲ್ಲವೂ ಈ ಎರಡೇ ಮಾತುಗಳಿಂದ ಮೂಡುವುವು: ಏಳು, ಏಳಬೇಡ. ಫ್ರಾನ್ಸ್ ದೇಶದ ಲಿಯೋನ್ ನಗರದ ಜಕಾರ್ಡ್ ಎಂಬಾತನು ತನ್ನ ಹಿಂದಿನವರ ಯತ್ನಗಳನ್ನು ತಿದ್ದಿ, ೧೮೦೪ರಲ್ಲಿ ಈ ಏರ್ಪಾಟನ್ನು ಬಳಕೆಗೆ ತಂದನು. ಕಂಪ್ಯೂಟರ್ ಎಂದು ನಾವು ಕರೆಯುವ ಗಣಕಯಂತ್ರದ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳಬೇಕಾದಾಗ ಅಮೆರಿಕದಿಂದ ಆರಂಭಿಸಬೇಕಾಗಿಲ್ಲ. ಅವರನ್ನು ಈ ಮಗ್ಗದ ಬಳಿ ನಿಲ್ಲಿಸಿದರೆ ಸಾಕು.

ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನು ೧೮೩೦ರ ದಶಕದಲ್ಲಿ ತಾನು ಕಲ್ಪಿಸಿದ ವಿಶ್ಲೇಷಕ ಯಂತ್ರಕ್ಕೆ ಲೆಕ್ಕದ ಕ್ರಮವನ್ನು ತಿಳಿಸಲು ಈ ರಟ್ಟುಗಳನ್ನೇ ಎರವಲು ಪಡೆದನು. ಆ ಯಂತ್ರವು ಅವನ ಜೀವಮಾನದಲ್ಲಿ ಪೂರ್ಣಗೊಳ್ಳಲಿಲ್ಲ. ಅಮೆರಿಕದ ೧೮೯೦ರ ಜನಗಣತಿಯಲ್ಲಿ ಹರ್ಮನ್ ಹೊಲೆರಿತ್ ಎಂಬವನು ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ರಟ್ಟನ್ನು ಮಾಡಿ, ವಯಸ್ಸು ಕಸುಬು ಮುಂತಾದುವನ್ನು ತೂತಿನಲ್ಲಿ ಗುರುತಿಸಿ, ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸಿದನು. ಅವನ ವ್ಯಾಪಾರವು ೧೯೧೧ರಲ್ಲಿ ಬೇರೆ ಸಂಸ್ಥೆಗಳೊಡನೆ ಕೂಡಿಕೊಂಡಿತು. ಆ ಕೂಟವೇ ೧೯೨೪ರಲ್ಲಿ ಐಬಿಎಂ ಎಂಬ ಹೆಸರನ್ನು ತಳೆಯಿತು. ೧೯೪೬ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ಕೊಳವೆಗಳಿದ್ದುವು. ಕಾಲಕ್ರಮದಲ್ಲಿ ತೂತಿನ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡಿತು. ಏಳು, ಏಳಬೇಡ ಎಂಬುವು ಒಂದು, ಸೊನ್ನೆಗಳಾದುವು. (ವಾಚಕರ ಕೈಯಲ್ಲಿರುವ ಈ ಪತ್ರಿಕೆಯೂ ತೂತಿನ ವಂಶಕ್ಕೇ ಸೇರಿದುದು. ಸ್ಟೆನ್ಸಿಲ್ ಹಾಳೆಯ ಮೇಣವನ್ನು ಅಕ್ಷರವು ಭೇದಿಸಿದ ಕಡೆ ಮಾತ್ರ ಮಸಿ ಇಳಿಯುವುದಷ್ಟೆ.)

ಭಾರತಕ್ಕೆ ಗಣಕಯಂತ್ರವು ಬಂದುದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ, ೧೯೫೦ರ ದಶಕದ ನಡುವಿನಲ್ಲಿ, ಇಂಗ್ಲೆಂಡಿನಿಂದ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ಕಟ್ಟಿದ ಯಂತ್ರವು ೧೯೬೦ರಲ್ಲಿ ಕೆಲಸಕ್ಕೆ ನಿಂತಿತು. ಅದಕ್ಕೆ ೧೯೬೨ರಲ್ಲಿ ಟಿಫ್ರಾಕ್ ಎಂದು ನೆಹರೂ ಅವರು ಹೆಸರಿಟ್ಟರು. ವಿಜ್ಞಾನಿಗಳ ಕೋಣೆಯಲ್ಲಿ ಇರುವವರೆಗೆ ಯಂತ್ರದ ವಿಷಯದಲ್ಲಿ ಯಾರಿಗೂ ತಕರಾರಿರಲಿಲ್ಲ. ಅದು ಗುಮಾಸ್ತರ ಮೇಜಿಗೆ ಬಂದಾಗ ಮಾತು ಬೇರೆಯಾಯಿತು. ೧೯೬೦ರ ದಶಕದ ಉತ್ತರಾರ್ಧದಲ್ಲಿ ಜೀವವಿಮಾ ನಿಗಮದ ಕಲ್ಕತ್ತೆಯ ನೌಕರರು ಗಣಕಯಂತ್ರದ ಸ್ಥಾಪನೆಯನ್ನು ಬಲವಾಗಿ ವಿರೋಧಿಸಿದರು. ಬ್ಯಾಂಕುಗಳಲ್ಲಿ ಯಂತ್ರಕ್ಕೆ ದಾರಿಯಾದುದು ೧೯೮೩ರಲ್ಲಿ ನೌಕರರ ಸಂಘಗಳೊಡನೆ ಒಪ್ಪಂದವಾದ ಮೇಲೆಯೇ. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವವರುಂಟು. ನನಗೆ ಹಾಗೆ ತೋರದು. ಲೆಡ್ಜರು ಬರೆಯುವ ಕೈಗಳು ಕಡಮೆಯಾಗುವುವೆಂಬ ಅವರ ಅಂದಾಜು ನಿಜವೇ ಆಯಿತು. ಹೊಸ ಕೆಲಸಗಳೂ ಹುಟ್ಟಿದುವು, ಆದರೆ ಅವು ಹುಟ್ಟಿದುದು ಬೇರೆ ಊರುಗಳಲ್ಲಿ, ಬೇರೆಯವರ ಮಕ್ಕಳಿಗೆ.

ನಮ್ಮ ಕಡೆಯ ಒಕ್ಕಲುಮಕ್ಕಳಿಗೆ ಗಣಕಯಂತ್ರವು ಎದುರಾದುದು ಬ್ಯಾಂಕಿಗಿಂತ ಹೆಚ್ಚಾಗಿ ಜಮೀನಿನ ಕಾಗದದಲ್ಲಿ. ಹಿಂದೆ ಹೊಲದ ಲೆಕ್ಕವೆಲ್ಲ ಕರಣಂ ಮನೆಯ ಕಡತದಲ್ಲಿ ಇರುತ್ತಿತ್ತು. ಆಂಧ್ರಪ್ರದೇಶದಲ್ಲಿ ವಂಶಪಾರಂಪರ್ಯದ ಆ ಹುದ್ದೆಯನ್ನು ಎನ್. ಟಿ. ರಾಮರಾಯರ ಸರಕಾರವು ೧೯೮೪ರಲ್ಲಿ ತೆಗೆದುಹಾಕಿತು. ೧೯೯೮ರಲ್ಲಿ ಅದೇ ರಾಜ್ಯದ ನೋಂದಣಿ ಕಚೇರಿಗಳಿಗೆ ಗಣಕಯಂತ್ರಗಳು ಬಂದುವು. ಕರ್ನಾಟಕವು ಪಹಣಿಯನ್ನು ಹಿಡಿದುಕೊಂಡಿತು: ‘ಭೂಮಿ’ ಯೋಜನೆಯಲ್ಲಿ ೧೭೭ ತಾಲ್ಲೂಕುಗಳ, ಸುಮಾರು ೬೭ ಲಕ್ಷ ರೈತರ, ಎರಡು ಕೋಟಿಯಷ್ಟು ಪಹಣಿಗಳು ೨೦೦೨ರ ವೇಳೆಗೆ ಯಂತ್ರವನ್ನು ಸೇರಿದುವು. ಮೊದಲಲ್ಲಿ ಶುಲ್ಕ ೧೫ ರೂಪಾಯಿ. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಎತ್ತಿಕೊಳ್ಳುವಂತೆ ಯಂತ್ರವನ್ನು ಕಟ್ಟಿದ್ದುದರಿಂದ ಕಾಣಿಕೆ ಕೊಟ್ಟವನನ್ನು ಮುಂದಕ್ಕೆ ದಾಟಿಸುವುದು ಕಷ್ಟವಾಯಿತು. ಹಳೆಯ ಕಡತದ ತಪ್ಪುಗಳಾದರೋ ಯಂತ್ರದೊಳಕ್ಕೂ ಜತೆಯಲ್ಲಿಯೇ ನಡೆದುವು. ಅಚ್ಚಾದ ತಪ್ಪಿಗೆ ಕೈಬರಹದ ತಪ್ಪಿಗಿಂತ ಗೌರವ ಹೆಚ್ಚು. ಆಂಧ್ರಪ್ರದೇಶದ ಅಡಂಗಲ್ ೨೦೧೫ರಿಂದ ‘ಮೀಭೂಮಿ’ಯ ಮೂಲಕ ದೊರೆಯಲಾರಂಭಿಸಿತು.

ಇಲ್ಲಿ ಗಡಿಯ ಮಾತು ಬರುವುದು. ೧೯೫೩ನೆಯ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರಿಗೆ ಹೋಯಿತು. ಆಲೂರು, ಆದವಾನಿ, ರಾಯದುರ್ಗಗಳು ಆಂಧ್ರದಲ್ಲಿ ಉಳಿದು, ರಾಯದುರ್ಗವು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರವು ಮೊದಲಿನಿಂದ ಅನಂತಪುರದ್ದೇ. ೨೦೨೨ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದರ ಸುತ್ತ ಸಿರಾ, ಪಾವಗಡ, ಮಧುಗಿರಿ, ಗೌರಿಬಿದನೂರುಗಳಿವೆ. ಗಡಿಯ ಹಳ್ಳಿಯವನೊಬ್ಬನಿಗೆ ಇತ್ತ ಎರಡೆಕರೆ, ಅತ್ತ ಎರಡೆಕರೆ ಇರುವುದೆಂದುಕೊಳ್ಳೋಣ. ಅತ್ತಲಿನ ಪಹಣಿ ಕನ್ನಡದಲ್ಲಿ, ಇತ್ತಲಿನ ಅಡಂಗಲ್ ತೆಲುಗಿನಲ್ಲಿ. ಕನ್ನಡ ಶಾಲೆಯಲ್ಲಿ ಓದುವ ಮಗಳು ಒಂದನ್ನು ಸರಾಗವಾಗಿ ಓದಿ ತಂದೆಗೆ ಹೇಳುವಳು. ಇನ್ನೊಂದಕ್ಕೆ ತಡವರಿಸುವಳು, ಇಲ್ಲವೆ ನೆರೆಯವರನ್ನು ಕರೆಯುವಳು. ಪಾವಗಡದಲ್ಲಿ ತೆಲುಗು ಮನೆಮಾತಿನ ರೈತನಿಗೂ ಇದೇ ತೊಡಕು ತಿರುವುಮುರುವಾಗಿ ಉಂಟು. ಹೀಗಾಗುವುದು ಯಂತ್ರದ ಅಶಕ್ತಿಯಿಂದ ಎಂದು ನಂಬಿದವರಿದ್ದಾರೆ. ಅದು ಸರಿಯಲ್ಲವೆಂಬುದನ್ನು ತೋರಿಸುವುದಕ್ಕಾಗಿಯೇ ಈ ಲೇಖನವನ್ನು ತೊಡಗಿದೆನು.

ಗಣಕಯಂತ್ರಕ್ಕೆ ಅಕ್ಷರವು ತಿಳಿಯದು; ಸಂಖ್ಯೆ ಮಾತ್ರ ತಿಳಿಯುವುದು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ಮನುಷ್ಯರು ಕುಳಿತು ನಿಶ್ಚಯಿಸಿದರು. ಭಾರತೀಯ ಲಿಪಿಗಳಿಗಾಗಿ ೧೯೯೧ರಲ್ಲಿ ಮಾನಕವಾದ ‘ಇಸ್ಕಿ’ ಎಂಬ ಪಟ್ಟಿಯಲ್ಲಿ ಕಕಾರದ ಸಂಖ್ಯೆ ೧೭೯. ಕನ್ನಡದ ಕಕಾರಕ್ಕೂ ಅದೇ, ತೆಲುಗಿನದಕ್ಕೂ ಅದೇ, ನಾಗರಿಗೂ ಅದೇ. ನಮ್ಮ ವರ್ಣಮಾಲೆಗಳ ಕ್ರಮ ಒಂದೇ ಆಗಿರುವುದರಿಂದ, ಧ್ವನಿಗೆ ಸಂಖ್ಯೆಯನ್ನು ಕೊಟ್ಟು ರೂಪವನ್ನು ಕೊನೆಗೆ ಬಿಟ್ಟರು. ತೆಲುಗಿನಲ್ಲಿ ಬೆರಳಚ್ಚು ಮಾಡಿದ ಹೆಸರೊಂದು ಲಿಪಿಯನ್ನು ಬದಲಿಸಿದೊಡನೆ, ಮತ್ತೆ ಬರೆಯದೆಯೇ, ಕನ್ನಡದಲ್ಲಿ ಕಾಣುವುದು. ಒಂದೇ ಲಿಪಿಯಿಂದ ಕವಲೊಡೆದ ಅಕ್ಕತಂಗಿಯರಿಗೆ ಇದಕ್ಕಿಂತ ಯೋಗ್ಯವಾದ ಏರ್ಪಾಟು ಇಲ್ಲವೆಂದು ನನ್ನ ಮತ.

ಇದೇ ಧ್ವನಿಯ ಮಾರ್ಗವನ್ನು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು ಕೀಲಿಮಣೆಯಲ್ಲಿ ಹಿಡಿದರು. ಹಳೆಯ ಬೆರಳಚ್ಚು ಯಂತ್ರದಲ್ಲಿ ನಾವು ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡುತುಂಡಾಗಿ ಜೋಡಿಸುತ್ತಿದ್ದೆವು. ಅವರ ವಿನ್ಯಾಸದಲ್ಲಿ ಉಚ್ಚರಿಸಿದ ಕ್ರಮದಲ್ಲಿ ಒತ್ತಿದರಾಯಿತು, ಒತ್ತಕ್ಷರವನ್ನು ಯಂತ್ರವೇ ಕಟ್ಟಿಕೊಳ್ಳುವುದು. ಕರ್ನಾಟಕ ಸರಕಾರವು ಅಂಗೀಕರಿಸಿದ ಕೀಲಿಮಣೆಗೂ, ‘ನುಡಿ’ ತಂತ್ರಾಂಶಕ್ಕೂ ಅದೇ ಆಧಾರ.

ಇಸ್ಕಿಗೊಂದು ಕೊರತೆಯಿತ್ತು: ಒಂದೇ ಪುಟದಲ್ಲಿ ಎರಡು ಲಿಪಿಗಳನ್ನು ಬೆರಸುವುದು ತೊಡಕು. ೧೯೯೧ರಲ್ಲಿಯೇ ಹೊರಟ ಯೂನಿಕೋಡ್ ಎಂಬ ಜಗತ್ತಿನ ಪಟ್ಟಿಯು ಲಿಪಿಗೊಂದು ಮನೆಯನ್ನು ಕೊಟ್ಟಿತು. ಆದರೆ ಮನೆಗಳೊಳಗಿನ ಅಂಕಣಗಳನ್ನು ಭಾರತೀಯ ಪಟ್ಟಿಯ ಕ್ರಮದಲ್ಲಿಯೇ ಹಾಕಿತು. ತೆಲುಗಿನ ಮನೆಯ ಮಗ್ಗುಲಲ್ಲಿಯೇ ಕನ್ನಡದ ಮನೆ. ಒಂದೊಂದರಲ್ಲಿ ೧೨೮ ಸ್ಥಾನಗಳು. ತೆಲುಗಿನ ಕಕಾರ ೩೦೯೩, ಕನ್ನಡದ ಕಕಾರ ೩೨೨೧. ತೆಲುಗಿನ ಅಕಾರ ೩೦೭೭, ಕನ್ನಡದ್ದು ೩೨೦೫. ಎಲ್ಲಿ ಕಳೆದರೂ ಉಳಿಯುವುದು ೧೨೮. ಹಳಗನ್ನಡ ಪಾಠ ಹೇಳುವ ಉಪಾಧ್ಯಾಯರಿಗೆ ಒಂದು ಅಪವಾದವನ್ನು ತಿಳಿಸಬೇಕು. ನಮ್ಮ ೞಕಾರವು ೩೨೯೪ನೆಯ ಸ್ಥಾನದಲ್ಲಿ ಬೇರೆಯಾಗಿ ಕುಳಿತಿದೆ. ತೆಲುಗಿನದು ೨೦೧೪ರಲ್ಲಿ ತಡವಾಗಿ ಬಂದು ೩೧೨೪ರಲ್ಲಿ ನಿಂತಿತು. ಇದಕ್ಕಿಂತ ವಿಚಿತ್ರವೆಂದರೆ, ಪಟ್ಟಿಯನ್ನು ಮಾಡಿದವರು ೞಕಾರಕ್ಕೆ ‘ಫ’ ಎಂದು ತಪ್ಪಾಗಿ ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ಸುಮ್ಮನಾದರು. ಪಟ್ಟಿಗಳನ್ನು ಮಾಡುವವರು ಮನುಷ್ಯರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತರಗತಿಯಲ್ಲಿ ಯಂತ್ರವಿಲ್ಲದಿದ್ದರೂ ಇದನ್ನು ತೋರಿಸಬಹುದು. ಕಪ್ಪು ಹಲಗೆಯ ಮೇಲೆ ‘ಮಡಕಶಿರ’ ಎಂದು ಬರೆದು, ಗುಡಿಸನ್ನು ಬೇರೆಯಾಗಿ ಎಣಿಸಿ, ಕೆಳಗೆ ಅದರ ಆರು ಸಂಖ್ಯೆಗಳನ್ನು ಬರೆಯಿರಿ: ೩೨೪೬, ೩೨೩೩, ೩೨೨೧, ೩೨೫೪, ೩೨೬೩, ೩೨೪೮. ಪ್ರತಿಯೊಂದರಿಂದಲೂ ೧೨೮ನ್ನು ಕಳೆಯಲು ಮಕ್ಕಳಿಗೆ ಹೇಳಿರಿ. ೩೧೧೮, ೩೧೦೫, ೩೦೯೩, ೩೧೨೬, ೩೧೩೫, ೩೧೨೦ ಎಂದು ಬರುವುದು. ಅಡಂಗಲ್ಲಿನಲ್ಲಿ ತೆಲುಗಿನಲ್ಲಿ ಅಚ್ಚಾಗುವ ಊರ ಹೆಸರು ಇದೇ.